ಪಿಎಚ್‌ಪಿಯಲ್ಲಿ ಕ್ಲಾಸ್ ಮತ್ತು ಆಬ್ಜೆಕ್ಟ್: ಪಾಠ ಅರ್ಥವಾದರೂ ಪೇಜ್ ಬರೆಯಲು ಕೈ ಓಡದವರಿಗೆ ಹಂತ ಹಂತದ ಮಾರ್ಗದರ್ಶಿ

ಕ್ಲಾಸ್ ಅಂದರೇನು ಎಂದು ಕೇಳಿದರೆ ಹೆಚ್ಚಿನವರು ಸರಿಯಾಗೇ ಉತ್ತರ ಕೊಡುತ್ತಾರೆ. ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಅನ್ನುತ್ತದೆ, ಎರಡೂ ಪ್ರಾಣಿ ಎನ್ನುವ ಪಾಠ ಎಲ್ಲರಿಗೂ ಬಾಯಿಪಾಠ. ಆದರೆ ತಮ್ಮದೇ ವೆಬ್ ಪೇಜ್ ಮುಂದೆ ಕೂತಾಗ ನಾಯಿಯೂ ಸಹಾಯಕ್ಕೆ ಬರುವುದಿಲ್ಲ, ಬೆಕ್ಕೂ ಬರುವುದಿಲ್ಲ. ಯಾವುದನ್ನು ಕ್ಲಾಸ್ ಮಾಡಬೇಕು, ಎಲ್ಲಿ ಬರೆಯಬೇಕು, ಬಟನ್ ಒತ್ತಿದ ಮೇಲೆ ಆ ಆಬ್ಜೆಕ್ಟ್ ಎಲ್ಲಿ ಹೋಯಿತು ಎಂಬಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ಇದಕ್ಕೆ ಕಾರಣ ಬುದ್ಧಿ ಸಾಲದೇ ಇರುವುದಲ್ಲ. ಕಲಿಯುವ ಕ್ರಮವೇ ತಲೆಕೆಳಗಾಗಿದೆ. ಇನ್‌ಹೆರಿಟೆನ್ಸ್‌ನಿಂದ (ಒಂದು ಕ್ಲಾಸ್‌ನಿಂದ ಇನ್ನೊಂದು ಕ್ಲಾಸ್ ಹುಟ್ಟಿಸುವುದು) ಶುರು ಮಾಡುತ್ತಾರೆ, ರಿಕ್ವೆಸ್ಟ್ (ಬ್ರೌಸರ್ ಒಂದು ಸಲ ಸರ್ವರ್‌ಗೆ ಪೇಜ್ ಕೇಳುವುದು) ಎಂದರೇನು ಅನ್ನುವುದನ್ನು ಬಿಟ್ಟೇಬಿಡುತ್ತಾರೆ. ವೆಬ್‌ನಲ್ಲಿ ಆಬ್ಜೆಕ್ಟ್‌ನ ಆಯಸ್ಸು ಒಂದು ರಿಕ್ವೆಸ್ಟ್‌ನಷ್ಟೇ. ಇದೊಂದು ತಲೆಗೆ ಹೋಗದಿದ್ದರೆ ಉಳಿದದ್ದೆಲ್ಲ ಕಲಿತೂ ಪೇಜ್ ಕೆಲಸ ಮಾಡುವುದಿಲ್ಲ. ಇಲ್ಲಿ ಒಂದು ಸಣ್ಣ ಹೋಟೆಲ್ಲಿನ ಆರ್ಡರ್ ಪೇಜ್ ಇಟ್ಟುಕೊಂಡು ಆ ಜಾಗಕ್ಕೆ ಹೋಗಿ ಮುಟ್ಟೋಣ.

ಒಂದು ಸೂಚನೆ. ಕೋಡ್ ಸಾಲುಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಕ್ಲಾಸ್, ನ್ಯೂ, ಪಬ್ಲಿಕ್, ಪ್ರೈವೇಟ್, ಫಂಕ್ಷನ್, ರಿಟರ್ನ್, ದಿಸ್ ಇವೆಲ್ಲ ಕೀವರ್ಡ್‌ಗಳು ಮತ್ತು ಮೀಸಲು ಹೆಸರುಗಳು. ಎಡಿಟರ್‌ನಲ್ಲಿ ಇವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ವೇರಿಯಬಲ್ ಮತ್ತು ಕ್ಲಾಸ್ ಹೆಸರುಗಳನ್ನು ಪಿಎಚ್‌ಪಿ ಕನ್ನಡದಲ್ಲೂ ಒಪ್ಪುತ್ತದೆ. ಆದರೂ ನಿಜವಾದ ಕೆಲಸದಲ್ಲಿ ಇಂಗ್ಲಿಷ್ ಹೆಸರೇ ಇಡಿ. ಕನ್ನಡ ಟೈಪ್ ಮಾಡುವಾಗ ಅರ್ಧಾಕ್ಷರ ಬಿಡಿಸಲು ಕಣ್ಣಿಗೆ ಕಾಣದ ಒಂದು ಅಕ್ಷರ ನುಸುಳುತ್ತದೆ. ನೋಡಲು ಒಂದೇ ತರಹದ ಎರಡು ಹೆಸರು ಪಿಎಚ್‌ಪಿಗೆ ಬೇರೆ ಬೇರೆಯಾಗಿಬಿಡುತ್ತವೆ. ಆ ತಪ್ಪು ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಶುರು ಮಾಡುವ ಮೊದಲು ಏನೇನು ಬೇಕು

ಪಿಎಚ್‌ಪಿ 8.2 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು. ಹಳೆಯದರಲ್ಲೂ ಕ್ಲಾಸ್ ಬರೆಯಬಹುದು, ಆದರೆ 8.2ರಿಂದ ಒಂದು ದೊಡ್ಡ ಅನುಕೂಲ ಇದೆ. ಪ್ರಾಪರ್ಟಿ (ಆಬ್ಜೆಕ್ಟ್ ಒಳಗೆ ಡೇಟಾ ಇಡುವ ವೇರಿಯಬಲ್) ಹೆಸರಿನಲ್ಲಿ ಸ್ಪೆಲಿಂಗ್ ತಪ್ಪಿ ಮೌಲ್ಯ ಕೊಟ್ಟರೆ ಹಳೆಯ ಪಿಎಚ್‌ಪಿ ಸುಮ್ನೆ ಹೊಸ ಪ್ರಾಪರ್ಟಿ ಹುಟ್ಟಿಸಿಬಿಡುತ್ತಿತ್ತು. ಹೊಸದು "ಡೆಪ್ರಿಕೇಟೆಡ್" (ಇದನ್ನು ಇನ್ನು ಬಳಸಬೇಡಿ) ಎಂದು ಎಚ್ಚರಿಸುತ್ತದೆ.

ಎರರ್ ತೋರಿಸುವ ಸೆಟ್ಟಿಂಗ್ ಆನ್ ಇರಲೇಬೇಕು. ಪಿಎಚ್‌ಪಿ ಇನಿ ಫೈಲ್‌ನಲ್ಲಿ ಡಿಸ್‌ಪ್ಲೇ ಎರರ್ಸ್ ಆನ್ ಮಾಡಿ, ಎರರ್ ರಿಪೋರ್ಟಿಂಗ್ ಅನ್ನು ಇ-ಆಲ್ ಎಂದು ಇಡಿ. ಇದನ್ನು ಮಾಡದೆ ಬಿಳಿ ಪೇಜ್ ನೋಡುತ್ತಾ ಕೂರುವವರೇ ಜಾಸ್ತಿ. ಇದು ನಿಮ್ಮ ಕಂಪ್ಯೂಟರ್‌ಗೆ ಮಾತ್ರ. ಜನ ಬಳಸುವ ಸರ್ವರ್‌ನಲ್ಲಿ ಎರರ್‌ಗಳು ಲಾಗ್ ಫೈಲ್‌ಗೆ ಹೋಗಬೇಕು, ಪರದೆಗೆ ಬರಬಾರದು.

ಅರೇ, ಫಂಕ್ಷನ್, ಫಾರೀಚ್ ಲೂಪ್, ಫಾರ್ಮ್‌ನಿಂದ ಪೋಸ್ಟ್ ಆಗಿ ಬಂದ ಡೇಟಾ ಓದುವುದು, ಇಷ್ಟು ಗೊತ್ತಿರಬೇಕು. ಫಂಕ್ಷನ್‌ನಲ್ಲಿ ರಿಟರ್ನ್‌ಗೂ ಎಕೋಗೂ ಇರುವ ವ್ಯತ್ಯಾಸ ಇನ್ನೂ ಗೊಂದಲವಾಗಿದ್ದರೆ ಮೊದಲು ಅದನ್ನು ಬಗೆಹರಿಸಿಕೊಂಡು ಬನ್ನಿ.

ಫ್ರೇಮ್‌ವರ್ಕ್ (ಲಾರಾವೆಲ್‌ನಂಥ ಸಿದ್ಧ ಕೋಡ್ ಚೌಕಟ್ಟು) ಬೇಡ. ಲಾರಾವೆಲ್ ಹಾಕಿಕೊಂಡು ಕ್ಲಾಸ್ ಕಲಿಯಲು ಹೊರಟರೆ ಯಾವುದು ಪಿಎಚ್‌ಪಿಯ ಕೆಲಸ, ಯಾವುದು ಲಾರಾವೆಲ್ ಕೆಲಸ ಎಂದು ಗೊತ್ತಾಗುವುದಿಲ್ಲ.

ಹಂತ 1: ಮೊದಲು ಕ್ಲಾಸ್ ಇಲ್ಲದೆಯೇ ಪೇಜ್ ಬರೆಯಿರಿ

ಹೆಚ್ಚಿನವರು ಹಾರಿಹೋಗುವ ಹಂತ ಇದೇ. ಒಂದು ಫೈಲ್ ತೆಗೆದುಕೊಳ್ಳಿ. ಅದರಲ್ಲಿ ಒಂದು ಅರೇ. ಅರೇ ಒಳಗೆ ಎರಡು ಚಿಕ್ಕ ಅರೇಗಳು. ಇಡ್ಲಿ, ಪ್ಲೇಟಿಗೆ 40 ರೂಪಾಯಿ, 2 ಪ್ಲೇಟ್. ಕಾಫಿ, ಒಂದಕ್ಕೆ 20 ರೂಪಾಯಿ, 3 ಲೋಟ. ಫಾರೀಚ್ ಹಾಕಿ ಪಟ್ಟಿ ತೋರಿಸಿ, ಒಟ್ಟು ಕೂಡಿಸಿ, ಶೇಕಡಾ 5 ಜಿಎಸ್‌ಟಿ ಸೇರಿಸಿ. 80 ಮತ್ತು 60 ಸೇರಿ 140, ತೆರಿಗೆ 7, ಒಟ್ಟು 147 ಬರಬೇಕು. ಈ 147 ಸಂಖ್ಯೆ ನೆನಪಿಟ್ಟುಕೊಳ್ಳಿ. ಮುಂದಿನ ಹಂತಗಳಲ್ಲಿ ಏನು ಬದಲಾಯಿಸಿದರೂ ಉತ್ತರ ಇದೇ ಬರಬೇಕು.

ದುಡ್ಡನ್ನು ರೂಪಾಯಿಯಲ್ಲಿ ದಶಮಾಂಶ ಹಾಕಿ ಇಡಬೇಡಿ. ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. ಇಡ್ಲಿ 4000, ಕಾಫಿ 2000. ಕಂಪ್ಯೂಟರ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಕರಾರುವಾಕ್ಕಾಗಿ 0.3 ಬರುವುದಿಲ್ಲ. ಬಿಲ್ಲಿನಲ್ಲಿ ಒಂದು ಪೈಸೆ ಹೆಚ್ಚುಕಮ್ಮಿ ಆದರೂ ಲೆಕ್ಕ ಹೊಂದುವುದಿಲ್ಲ. ತೋರಿಸುವ ಹೊತ್ತಿಗೆ ಮಾತ್ರ 100ರಿಂದ ಭಾಗಿಸಿ.

ಹಂತ 2: ಒಟ್ಟೊಟ್ಟಿಗೆ ಓಡಾಡುವ ಡೇಟಾ ಗುರುತಿಸಿ

ಬರೆದ ಪೇಜ್ ಮೇಲೆ ಒಮ್ಮೆ ಕಣ್ಣಾಡಿಸಿ. ಹೆಸರು, ಬೆಲೆ, ಎಷ್ಟು, ಈ ಮೂರೂ ಯಾವಾಗಲೂ ಜೊತೆಯಲ್ಲೇ ಇವೆ. ಒಂದನ್ನು ಬಿಟ್ಟು ಒಂದಕ್ಕೆ ಅರ್ಥವಿಲ್ಲ. ಬೆಲೆಯನ್ನು ಎಷ್ಟು ಎಂಬುದರಿಂದ ಗುಣಿಸುವ ಲೆಕ್ಕವೂ ಇವುಗಳ ಹಿಂದೆಯೇ ಬರುತ್ತದೆ. ಹೀಗೆ ಜೊತೆಯಾಗಿ ಓಡಾಡುವ ಡೇಟಾ ಮತ್ತು ಅದಕ್ಕೆ ಅಂಟಿಕೊಂಡ ಲೆಕ್ಕ ಕಂಡರೆ ಅಲ್ಲಿ ಒಂದು ಕ್ಲಾಸ್ ಇದೆ ಎಂದರ್ಥ. ಇಲ್ಲಿ ಅದರ ಹೆಸರು ಐಟಂ.

ಐಟಂಗಳ ಪಟ್ಟಿ, ಒಟ್ಟು, ತೆರಿಗೆ ಇವು ಇನ್ನೊಂದು ಗುಂಪು. ಅದು ಆರ್ಡರ್.

ಎರಡೇ ಕ್ಲಾಸ್ ಸಾಕು. ಪೇಜ್‌ಗೊಂದು ಕ್ಲಾಸ್, ಬಟನ್‌ಗೊಂದು ಕ್ಲಾಸ್, ಹೆಡರ್‌ಗೊಂದು ಕ್ಲಾಸ್ ಎಂದು ಮಾಡಲು ಹೋಗಬೇಡಿ. ಕ್ಲಾಸ್ ಹೆಸರಿನಲ್ಲಿ "ಮ್ಯಾನೇಜರ್", "ಹೆಲ್ಪರ್", "ಯುಟಿಲ್" ಎಂಬ ಪದ ಬಂದರೆ ಒಂದು ಕ್ಷಣ ನಿಲ್ಲಿ. ಏನು ಮಾಡಬೇಕೆಂದು ತೋಚದೆ ಎಲ್ಲವನ್ನೂ ತುರುಕುವ ಚೀಲವಾಗಿರುತ್ತದೆ ಅದು.

ಹಂತ 3: ಬರೀ ಡೇಟಾ ಇರುವ ಕ್ಲಾಸ್

ಐಟಂ ಕ್ಲಾಸ್ ಹೀಗೆ ಬರೆಯಿರಿ:

    ಕ್ಲಾಸ್ ಐಟಂ
    {
        ಪಬ್ಲಿಕ್ ಸ್ಟ್ರಿಂಗ್ $ಹೆಸರು;
        ಪಬ್ಲಿಕ್ ಇಂಟ್ $ಬೆಲೆ;
        ಪಬ್ಲಿಕ್ ಇಂಟ್ $ಎಷ್ಟು;
    }

    $ತಿಂಡಿ = ನ್ಯೂ ಐಟಂ();
    $ತಿಂಡಿ->ಹೆಸರು = 'ಇಡ್ಲಿ';
    $ತಿಂಡಿ->ಬೆಲೆ = 4000;
    $ತಿಂಡಿ->ಎಷ್ಟು = 2;

ಬ್ಯಾಂಕಿನಲ್ಲಿ ಇಟ್ಟಿರುವ ಖಾಲಿ ಚಲನ್ ಕ್ಲಾಸ್ ಇದ್ದಂತೆ, ನೀವು ತುಂಬಿಸಿದ ಚಲನ್ ಆಬ್ಜೆಕ್ಟ್ ಇದ್ದಂತೆ. ಖಾಲಿ ಚಲನ್‌ಗೆ ಯಾರೂ ದುಡ್ಡು ಕೊಡುವುದಿಲ್ಲ. ಹಾಗೆಯೇ ಕ್ಲಾಸ್ ಬರೆದ ಮಾತ್ರಕ್ಕೆ ಏನೂ ನಡೆಯುವುದಿಲ್ಲ. ನ್ಯೂ ಎಂದು ಹೇಳಿದಾಗಲೇ ಒಂದು ಆಬ್ಜೆಕ್ಟ್ ಹುಟ್ಟುವುದು.

ಕಾಫಿಗೂ ಇನ್ನೊಂದು ನ್ಯೂ ಹಾಕಿ. ಎರಡನ್ನೂ ವಾರ್ ಡಂಪ್ (ಒಳಗಿರುವುದನ್ನೆಲ್ಲ ತೋರಿಸುವ ಫಂಕ್ಷನ್) ಮಾಡಿ ನೋಡಿ. ಕ್ಲಾಸ್ ಹೆಸರಿನ ಪಕ್ಕದಲ್ಲಿ #1, #2 ಹೀಗೆ ಸಂಖ್ಯೆ ಕಾಣುತ್ತದೆ. ಸಂಖ್ಯೆ ಬೇರೆಯಾದರೆ ಆಬ್ಜೆಕ್ಟ್ ಬೇರೆ. ಈ ಸಂಖ್ಯೆ ಓದುವ ಅಭ್ಯಾಸ ಮಾಡಿಕೊಳ್ಳಿ, ಹಂತ 7ರಲ್ಲಿ ಬೇಕಾಗುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಡಾಲರ್ ಚಿಹ್ನೆಯದು. ಕ್ಲಾಸ್ ಒಳಗೆ ಪ್ರಾಪರ್ಟಿ ಘೋಷಿಸುವಾಗ $ ಬೇಕು. ಬಾಣದ ಗುರುತು ಹಾಕಿ ಕರೆಯುವಾಗ ಬಾಣದ ಮುಂದೆ $ ಬೇಡ. $ತಿಂಡಿ->$ಬೆಲೆ ಎಂದು ಬರೆದರೆ ಪಿಎಚ್‌ಪಿ ಅದನ್ನು ಬೇರೆಯೇ ಅರ್ಥದಲ್ಲಿ ಓದುತ್ತದೆ. ಮೊದಲು $ಬೆಲೆ ಎಂಬ ವೇರಿಯಬಲ್ ಹುಡುಕಿ, ಅದರ ಒಳಗಿರುವ ಹೆಸರಿನ ಪ್ರಾಪರ್ಟಿಗೆ ಹೋಗುತ್ತದೆ. ಇದು ಪಿಎಚ್‌ಪಿಯಲ್ಲಿ ಸರಿಯಾದ ಬರವಣಿಗೆಯೇ. ಹಾಗಾಗಿ ಸಿಂಟ್ಯಾಕ್ಸ್ ಎರರ್ ಬರುವುದಿಲ್ಲ, ಎಲ್ಲೋ ಬೇರೆ ಕಡೆ ದೂರು ಬರುತ್ತದೆ.

ಇನ್ನೊಂದು: ಟೈಪ್ (ಸ್ಟ್ರಿಂಗ್, ಇಂಟ್ ಎಂಬ ಬಗೆ) ಹಾಕಿದ ಪ್ರಾಪರ್ಟಿಗೆ ಮೌಲ್ಯ ಕೊಡದೆ ಓದಲು ಹೋದರೆ "ಮಸ್ಟ್ ನಾಟ್ ಬಿ ಆ್ಯಕ್ಸೆಸ್ಡ್ ಬಿಫೋರ್ ಇನಿಷಿಯಲೈಸೇಶನ್" ಎಂಬ ಎರರ್ ಬರುತ್ತದೆ. ಅದನ್ನು ನೋಡಿ ಟೈಪ್ ತೆಗೆದುಹಾಕಬೇಡಿ. ಚಲನ್ ಅರ್ಧ ತುಂಬಿದೆ ಎಂದು ಪಿಎಚ್‌ಪಿ ಹೇಳುತ್ತಿದೆ. ಅದಕ್ಕೆ ಪರಿಹಾರ ಮುಂದಿನ ಹಂತ.

ಹಂತ 4: ಕನ್‌ಸ್ಟ್ರಕ್ಟರ್

ಆಬ್ಜೆಕ್ಟ್ ಹುಟ್ಟುವಾಗಲೇ ಪೂರ್ತಿಯಾಗಿ ಹುಟ್ಟಲಿ ಎಂಬುದಕ್ಕೆ ಕನ್‌ಸ್ಟ್ರಕ್ಟರ್. ಅದು ನ್ಯೂ ಎಂದಾಗ ತಾನಾಗಿ ಓಡುವ ಮೆಥಡ್ (ಕ್ಲಾಸ್ ಒಳಗಿನ ಫಂಕ್ಷನ್). ಪಿಎಚ್‌ಪಿ 8.0ರಿಂದ ಘೋಷಣೆ ಮತ್ತು ತುಂಬಿಸುವುದು ಎರಡನ್ನೂ ಒಂದೇ ಕಡೆ ಮುಗಿಸಬಹುದು:

    ಕ್ಲಾಸ್ ಐಟಂ
    {
        ಪಬ್ಲಿಕ್ ಫಂಕ್ಷನ್ __ಕನ್‌ಸ್ಟ್ರಕ್ಟ್(
            ಪಬ್ಲಿಕ್ ಸ್ಟ್ರಿಂಗ್ $ಹೆಸರು,
            ಪಬ್ಲಿಕ್ ಇಂಟ್ $ಬೆಲೆ,
            ಪಬ್ಲಿಕ್ ಇಂಟ್ $ಎಷ್ಟು
        ) {}
    }

    $ತಿಂಡಿ = ನ್ಯೂ ಐಟಂ('ಇಡ್ಲಿ', 4000, 2);

ಕನ್‌ಸ್ಟ್ರಕ್ಟ್ ಪದದ ಹಿಂದೆ ಅಂಡರ್‌ಸ್ಕೋರ್ ಎರಡು. ಒಂದೇ ಹಾಕಿದರೆ ಅದು ಮಾಮೂಲಿ ಮೆಥಡ್ ಆಗುತ್ತದೆ, ತಾನಾಗಿ ಓಡುವುದಿಲ್ಲ. ಮೇಲಿನಂತೆ ಪ್ರಾಪರ್ಟಿಗಳನ್ನು ಆವರಣದ ಒಳಗೇ ಘೋಷಿಸಿದ್ದರೆ ಪಿಎಚ್‌ಪಿ ತಕ್ಷಣ ಎರರ್ ಕೊಡುತ್ತದೆ. ಹಂತ 3ರಂತೆ ಬೇರೆಯಾಗಿ ಘೋಷಿಸಿದ್ದರೆ ಎರರ್ ಕೂಡ ಅಲ್ಲೇ ಬರುವುದಿಲ್ಲ, ಅದೇ ಕಷ್ಟ.

ಹಳೆಯ ಪಾಠ ನೋಡಿ ಕಲಿಯುವವರು ಬೀಳುವ ಹಳ್ಳವೂ ಇಲ್ಲೇ ಇದೆ. ಹಿಂದೆ ಕ್ಲಾಸ್‌ನ ಹೆಸರನ್ನೇ ಮೆಥಡ್‌ಗೆ ಇಟ್ಟರೆ ಅದೇ ಕನ್‌ಸ್ಟ್ರಕ್ಟರ್ ಆಗುತ್ತಿತ್ತು. ಪಿಎಚ್‌ಪಿ 7.0ರಲ್ಲಿ ಅದನ್ನು ಬಿಡಿ ಎಂದು ಎಚ್ಚರಿಕೆ ಕೊಡಲಾರಂಭಿಸಿದರು, 8.0ರಲ್ಲಿ ಪೂರ್ತಿ ತೆಗೆದರು. ಈಗ ಅಂಥ ಕೋಡ್ ಅಂಟಿಸಿದರೆ ಪ್ರಾಪರ್ಟಿಗಳೆಲ್ಲ ಖಾಲಿಯಾಗಿಯೇ ಉಳಿಯುತ್ತವೆ. ಪ್ರಾಪರ್ಟಿ ಘೋಷಣೆಗೆ "ವಾರ್" ಎಂದು ಬಳಸಿರುವ ಪಾಠ ಕಂಡರೆ ಅದು ಬಹಳ ಹಳೆಯದು ಎಂದೇ ತಿಳಿದು ಪಕ್ಕಕ್ಕಿಡಿ.

ಕನ್‌ಸ್ಟ್ರಕ್ಟರ್ ಒಳಗೆ ಡೇಟಾಬೇಸ್‌ಗೆ ಬರೆಯುವುದು, ಇಮೇಲ್ ಕಳಿಸುವುದು, ಎಕೋ ಮಾಡುವುದು ಬೇಡ. ತುಂಬಿಸುವುದು, ಬೇಕಿದ್ದರೆ ಪರೀಕ್ಷಿಸುವುದು, ಅಷ್ಟೇ. ಎಷ್ಟು ಎಂಬುದು 1ಕ್ಕಿಂತ ಕಡಿಮೆ ಇದ್ದರೆ ಎಕ್ಸೆಪ್ಶನ್ ಎಸೆಯಿರಿ, ಅಂದರೆ ಎರರ್ ಕೊಟ್ಟು ಅಲ್ಲೇ ನಿಲ್ಲಿಸಿ. ಸೊನ್ನೆ ಪ್ಲೇಟ್ ಇಡ್ಲಿಯ ಆಬ್ಜೆಕ್ಟ್ ಹುಟ್ಟಲೇಬಾರದು.

ಫಾರ್ಮ್‌ನಿಂದ ಬರುವ ಮಾಹಿತಿ ಯಾವಾಗಲೂ ಸ್ಟ್ರಿಂಗ್ ಎಂಬುದು ನೆನಪಿರಲಿ. ನೀವು ಫೈಲ್ ಮೇಲ್ಗಡೆ ಸ್ಟ್ರಿಕ್ಟ್ ಟೈಪ್ಸ್ ಘೋಷಿಸಿದ್ದರೆ "2" ಎಂಬ ಸ್ಟ್ರಿಂಗ್ ಅನ್ನು ಇಂಟ್ ಜಾಗಕ್ಕೆ ಕೊಟ್ಟಾಗ ಟೈಪ್ ಎರರ್ ಬರುತ್ತದೆ. ಸುಮ್ನೆ ಇಂಟ್‌ಗೆ ಕಾಸ್ಟ್ ಮಾಡಿದರೆ (ಬಲವಂತವಾಗಿ ಸಂಖ್ಯೆಯಾಗಿಸಿದರೆ) ಗ್ರಾಹಕ "ಎರಡು" ಎಂದು ಬರೆದದ್ದೂ ಸೊನ್ನೆಯಾಗಿ ಒಳಗೆ ಬರುತ್ತದೆ. ಫಿಲ್ಟರ್ ವಾರ್ ಫಂಕ್ಷನ್‌ನ ವ್ಯಾಲಿಡೇಟ್ ಇಂಟ್ ಬಳಸಿ, ಫಾಲ್ಸ್ ಬಂದರೆ ಫಾರ್ಮ್ ವಾಪಸ್ ತೋರಿಸಿ.

ಹಂತ 5: ಮೆಥಡ್ ಸೇರಿಸಿ, ಆದರೆ ಎಕೋ ಬೇಡ

ಹಂತ 1ರ ಲೂಪ್ ಒಳಗಿದ್ದ ಗುಣಾಕಾರವನ್ನು ಕ್ಲಾಸ್ ಒಳಕ್ಕೆ ತನ್ನಿ:

    ಪಬ್ಲಿಕ್ ಫಂಕ್ಷನ್ ಮೊತ್ತ(): ಇಂಟ್
    {
        ರಿಟರ್ನ್ $ದಿಸ್->ಬೆಲೆ * $ದಿಸ್->ಎಷ್ಟು;
    }

ದಿಸ್ ಎಂದರೆ ಈಗ ಯಾವ ಆಬ್ಜೆಕ್ಟ್‌ನ ಮೆಥಡ್ ಕರೆದಿದ್ದೀರೋ ಅದು. ಇಡ್ಲಿಯ ಮೊತ್ತ ಕೇಳಿದರೆ ದಿಸ್ ಇಡ್ಲಿ, ಕಾಫಿಯ ಮೊತ್ತ ಕೇಳಿದರೆ ದಿಸ್ ಕಾಫಿ. ಜಾವಾದಿಂದ ಬಂದವರು ಸಾಮಾನ್ಯವಾಗಿ ದಿಸ್ ಬಿಟ್ಟು ಬರೀ $ಬೆಲೆ ಎಂದು ಬರೆಯುತ್ತಾರೆ. ಪಿಎಚ್‌ಪಿಯಲ್ಲಿ ಅದು ಮೆಥಡ್ ಒಳಗಿನ ಬೇರೆಯದೇ ವೇರಿಯಬಲ್. "ಅನ್‌ಡಿಫೈನ್ಡ್ ವೇರಿಯಬಲ್" ಎಚ್ಚರಿಕೆ ಬಂದು ಮೊತ್ತ ಸೊನ್ನೆಯಾಗುತ್ತದೆ. ಬಿಲ್ಲಿನಲ್ಲಿ ಸೊನ್ನೆ ಕಂಡರೆ ಮೊದಲು ಇದನ್ನೇ ನೋಡಿ.

ಮೆಥಡ್ ಒಳಗಿಂದ ಎಚ್‌ಟಿಎಂಎಲ್ ಎಕೋ ಮಾಡುವ ಆಸೆ ಎಲ್ಲರಿಗೂ ಆಗುತ್ತದೆ. ಮಾಡಬೇಡಿ. ಇವತ್ತು ಪೇಜ್‌ನಲ್ಲಿ ಟೇಬಲ್ ಬೇಕು, ನಾಳೆ ಅದೇ ಮೊತ್ತ ಇಮೇಲ್‌ನಲ್ಲಿ ಬೇಕು, ನಾಡಿದ್ದು ಮೊಬೈಲ್ ಆ್ಯಪ್‌ಗೆ ಜೇಸನ್ (ಡೇಟಾ ಸಾಗಿಸಲು ಬಳಸುವ ಪಠ್ಯ ರೂಪ) ಆಗಿ ಬೇಕು. ಮೆಥಡ್ ಸಂಖ್ಯೆಯನ್ನು ರಿಟರ್ನ್ ಮಾಡಲಿ, ತೋರಿಸುವ ಕೆಲಸ ಪೇಜ್ ಮಾಡಲಿ. ತೋರಿಸುವಾಗ ಹೆಸರನ್ನು ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್ ಫಂಕ್ಷನ್ ಮೂಲಕವೇ ಹಾಯಿಸಿ, ಆಗ ಅದರೊಳಗೆ ಯಾರಾದರೂ ಕೋಡ್ ತುರುಕಿದ್ದರೂ ಬರೀ ಅಕ್ಷರವಾಗಿ ಕಾಣುತ್ತದೆ. ಕ್ಲಾಸ್ ಬಳಸಿದ ಮಾತ್ರಕ್ಕೆ ಭದ್ರತೆ ತಾನಾಗಿ ಬರುವುದಿಲ್ಲ.

ಹಂತ 6: ಪ್ರೈವೇಟ್

ಈಗ ಆರ್ಡರ್ ಕ್ಲಾಸ್ ಬರೆಯಿರಿ. ಅದರಲ್ಲಿ ಐಟಂಗಳು ಎಂಬ ಅರೇ. ಅದನ್ನು ಪ್ರೈವೇಟ್ ಮಾಡಿ, ಶುರುವಿಗೆ ಖಾಲಿ ಅರೇ ಕೊಡಿ. ಸೇರಿಸು ಎಂಬ ಮೆಥಡ್ ಒಂದು ಐಟಂ ತೆಗೆದುಕೊಂಡು ಅರೇಗೆ ಹಾಕಲಿ. ಒಟ್ಟು, ತೆರಿಗೆ ಎಂಬ ಇನ್ನೆರಡು ಮೆಥಡ್. ಪಟ್ಟಿ ತೋರಿಸಲು ಪಟ್ಟಿ ಎಂಬ ಮೆಥಡ್ ಅರೇಯನ್ನು ರಿಟರ್ನ್ ಮಾಡಲಿ.

ಪ್ರೈವೇಟ್ ಯಾಕೆಂದರೆ, ಹೊರಗಿನ ಯಾವುದೋ ಪೇಜ್ ನೇರವಾಗಿ ಅರೇಗೆ ಕೈಹಾಕಿ ಐಟಂ ಅಲ್ಲದ್ದನ್ನು ತುಂಬಬಾರದು. ಪ್ರೈವೇಟ್ ಎಂದರೆ ಹ್ಯಾಕರ್‌ನಿಂದ ರಕ್ಷಣೆ ಎಂದು ತಿಳಿಯಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಲ್ಲ ಪ್ರಾಪರ್ಟಿಗೂ ಯೋಚಿಸದೆ ಗೆಟ್ಟರ್, ಸೆಟ್ಟರ್ (ಓದಲು, ಬದಲಾಯಿಸಲು ಒಂದೊಂದು ಮೆಥಡ್) ಬರೆಯುವುದು ಪ್ರೈವೇಟ್ ಬರೆದೂ ಬರೆಯದ ಹಾಗೆ. ಬದಲಾಗಬಾರದ ಪ್ರಾಪರ್ಟಿಗೆ 8.1ರಿಂದ ರೀಡ್‌ಓನ್ಲಿ ಇದೆ. ಐಟಂನ ಹೆಸರು, ಬೆಲೆ ಎರಡಕ್ಕೂ ಅದನ್ನೇ ಹಾಕಿ.

ಇಲ್ಲಿ ಪೇಜ್ ಓಡಿಸಿ. 147 ಬಂತಾ? ಬಾರದಿದ್ದರೆ ಮುಂದೆ ಹೋಗಬೇಡಿ.

ಹಂತ 7: ಇದು ನಕಲಾ, ಅದೇನಾ?

ಅರೇಯನ್ನು ಇನ್ನೊಂದು ವೇರಿಯಬಲ್‌ಗೆ ಕೊಟ್ಟರೆ ಪಿಎಚ್‌ಪಿ ನಕಲು ಮಾಡಿದ ಹಾಗೆ ನಡೆದುಕೊಳ್ಳುತ್ತದೆ. ಆಬ್ಜೆಕ್ಟ್ ಹಾಗಲ್ಲ. $ಬ = $ಅ ಎಂದರೆ ಎರಡೂ ಹೆಸರು ಒಂದೇ ಆಬ್ಜೆಕ್ಟ್ ಕಡೆ ಬೆರಳು ತೋರಿಸುತ್ತವೆ. ವಾರ್ ಡಂಪ್ ಮಾಡಿದರೆ # ಸಂಖ್ಯೆ ಒಂದೇ ಇರುತ್ತದೆ.

ಹಂತ 1ರಿಂದ ಬಂದವರಿಗೆ ಇದು ಎಲ್ಲಿ ಕಚ್ಚುತ್ತದೆ ನೋಡಿ. ಅಲ್ಲಿ ಫಾರೀಚ್ ಒಳಗೆ ಐಟಂ ಅರೇಯ ಎಷ್ಟು ಬದಲಾಯಿಸಿದ್ದರೆ ಲೂಪ್ ಮುಗಿದ ಮೇಲೆ ಬದಲಾವಣೆ ಉಳಿಯುತ್ತಿರಲಿಲ್ಲ. ಈಗ ಐಟಂ ಆಬ್ಜೆಕ್ಟ್. ಅದೇ ಲೂಪ್, ಅದೇ ಸಾಲು, ಆದರೆ ಬದಲಾವಣೆ ಉಳಿದುಬಿಡುತ್ತದೆ. "ನಿನ್ನೆಯ ಆರ್ಡರ್ ಮತ್ತೆ ಕೊಡಿ" ಎಂಬ ಸೌಲಭ್ಯ ಮಾಡಲು ಹೋಗಿ, ಹೊಸ ಆರ್ಡರ್‌ನಲ್ಲಿ ಕಾಫಿ 5 ಮಾಡಿದಾಗ ಹಳೆಯ ಆರ್ಡರ್‌ನಲ್ಲೂ 5 ಆಗುವುದು ಹೀಗೆ.

ನಿಜವಾದ ನಕಲು ಬೇಕಾದರೆ ಕ್ಲೋನ್ ಬಳಸಿ. ಆದರೆ ಕ್ಲೋನ್ ಮೇಲುಮೇಲಿನ ನಕಲು ಮಾತ್ರ ಮಾಡುತ್ತದೆ. ಆರ್ಡರ್ ಕ್ಲೋನ್ ಮಾಡಿದರೆ ಆರ್ಡರ್ ಎರಡಾಗುತ್ತದೆ, ಒಳಗಿನ ಇಡ್ಲಿ ಕಾಫಿಗಳು ಅವೇ ಇರುತ್ತವೆ. ಅವೂ ಬೇರೆಯಾಗಬೇಕಾದರೆ ಆರ್ಡರ್ ಕ್ಲಾಸ್‌ನಲ್ಲಿ __ಕ್ಲೋನ್ ಎಂಬ ಮೆಥಡ್ ಬರೆದು ಒಂದೊಂದೇ ಐಟಂ ಅನ್ನು ಕ್ಲೋನ್ ಮಾಡಬೇಕು.

ಹೋಲಿಸುವಾಗಲೂ ಇದೇ ಸೂಕ್ಷ್ಮ. == ಹಾಕಿದರೆ ಕ್ಲಾಸ್ ಒಂದೇ, ಒಳಗಿನ ಡೇಟಾ ಒಂದೇ ಎಂದು ನೋಡುತ್ತದೆ. === ಹಾಕಿದರೆ ಎರಡೂ ಅದೇ ಒಂದು ಆಬ್ಜೆಕ್ಟಾ ಎಂದು ನೋಡುತ್ತದೆ.

ಹಂತ 8: ಬಟನ್ ಒತ್ತಿದ ಮೇಲೆ ಆಬ್ಜೆಕ್ಟ್ ಎಲ್ಲಿ ಹೋಯಿತು?

ಇಲ್ಲಿಯವರೆಗೆ ಬಂದವರಲ್ಲಿ ಹೆಚ್ಚಿನವರು ಸೋಲುವುದು ಈ ಹಂತದಲ್ಲಿ. ಹಾಗಾಗಿ ನಿಧಾನವಾಗಿ ಹೋಗೋಣ.

ಒಂದು ಪ್ರಯೋಗ ಮಾಡಿ. ಪೇಜ್‌ನಲ್ಲಿ ಖಾಲಿ ಆರ್ಡರ್ ಸೃಷ್ಟಿಸಿ. "ಇಡ್ಲಿ ಸೇರಿಸಿ" ಎಂಬ ಬಟನ್ ಇಡಿ. ಪೋಸ್ಟ್ ಬಂದರೆ ಸೇರಿಸು ಮೆಥಡ್ ಕರೆಯಿರಿ. ಕೊನೆಯಲ್ಲಿ ಪಟ್ಟಿ ತೋರಿಸಿ. ಬಟನ್ ಒತ್ತಿ: ಒಂದು ಇಡ್ಲಿ. ಮತ್ತೆ ಒತ್ತಿ: ಈಗಲೂ ಒಂದೇ ಇಡ್ಲಿ. ಎಷ್ಟು ಒತ್ತಿದರೂ ಒಂದೇ.

ಕೋಡ್ ತಪ್ಪಿಲ್ಲ. ಬ್ರೌಸರ್ ಕೇಳಿದಾಗ ಪಿಎಚ್‌ಪಿ ಫೈಲ್ ಮೇಲಿನಿಂದ ಓಡಲು ಶುರು ಮಾಡುತ್ತದೆ, ಆಬ್ಜೆಕ್ಟ್ ಹುಟ್ಟುತ್ತದೆ, ಎಚ್‌ಟಿಎಂಎಲ್ ಕಳಿಸಿ ಮುಗಿದ ಕೂಡಲೇ ಎಲ್ಲ ಅಳಿದುಹೋಗುತ್ತದೆ. ಮುಂದಿನ ಕ್ಲಿಕ್ ಇನ್ನೊಂದು ರಿಕ್ವೆಸ್ಟ್. ಅದಕ್ಕೆ ಹಿಂದಿನದರ ನೆನಪೇ ಇಲ್ಲ. ಪ್ರಾಪರ್ಟಿಯನ್ನು ಸ್ಟ್ಯಾಟಿಕ್ (ಆಬ್ಜೆಕ್ಟ್‌ಗಲ್ಲ, ಕ್ಲಾಸ್‌ಗೇ ಸೇರಿದ್ದು) ಮಾಡಿದರೂ, ಗ್ಲೋಬಲ್ ಮಾಡಿದರೂ, ಸಿಂಗಲ್ಟನ್ (ಒಂದೇ ಆಬ್ಜೆಕ್ಟ್ ಹುಟ್ಟುವಂತೆ ಕಟ್ಟಿದ ಕ್ಲಾಸ್) ಬರೆದರೂ ಮಾಮೂಲಿ ಹೋಸ್ಟಿಂಗ್‌ನಲ್ಲಿ ಇದೇ ಕಥೆ. ಈ ಮೂರನ್ನೂ ಒಂದಾದ ಮೇಲೊಂದು ಪ್ರಯತ್ನಿಸಿ ಬೇಸತ್ತು ಕ್ಲಾಸನ್ನೇ ಬಿಟ್ಟವರಿದ್ದಾರೆ.

ಹಾಗಾಗಿ ಪ್ರತಿ ರಿಕ್ವೆಸ್ಟ್‌ನಲ್ಲೂ ಕೆಲಸದ ಕ್ರಮ ಹೀಗಿರಲಿ:

1. ಉಳಿಸಿಟ್ಟ ಡೇಟಾ ಓದಿ. ಅದು ಸೆಷನ್‌ನಲ್ಲಿ (ಒಬ್ಬ ಗ್ರಾಹಕರ ಡೇಟಾವನ್ನು ರಿಕ್ವೆಸ್ಟ್‌ಗಳ ನಡುವೆ ಸರ್ವರ್ ಇಟ್ಟುಕೊಳ್ಳುವ ಜಾಗ) ಇರಬಹುದು, ಡೇಟಾಬೇಸ್‌ನಲ್ಲಿರಬಹುದು.
2. ಆ ಡೇಟಾದಿಂದ ಆಬ್ಜೆಕ್ಟ್ ಮತ್ತೆ ಕಟ್ಟಿ.
3. ಅದರ ಕೈಯಲ್ಲಿ ಕೆಲಸ ಮಾಡಿಸಿ: ಸೇರಿಸು, ತೆಗೆ, ಒಟ್ಟು.
4. ಬದಲಾದ ಡೇಟಾ ವಾಪಸ್ ಉಳಿಸಿ.
5. ಪೋಸ್ಟ್ ಆಗಿದ್ದರೆ ಲೊಕೇಶನ್ ಹೆಡರ್ (ಪೇಜ್ ಹೊಸದಾಗಿ ಕೇಳು ಎಂದು ಬ್ರೌಸರ್‌ಗೆ ಹೇಳುವ ಸಾಲು) ಕಳಿಸಿ, ತಕ್ಷಣ ಎಕ್ಸಿಟ್ ಮಾಡಿ. ಇಲ್ಲದಿದ್ದರೆ ಗ್ರಾಹಕ ಪೇಜ್ ರಿಫ್ರೆಶ್ ಮಾಡಿದಾಗ ಇಡ್ಲಿ ಇನ್ನೊಮ್ಮೆ ಸೇರುತ್ತದೆ.

ಸೆಷನ್‌ನಲ್ಲಿ ಆರ್ಡರ್ ಆಬ್ಜೆಕ್ಟನ್ನೇ ಇಡಬಹುದಲ್ವಾ ಎಂದು ಕೇಳುತ್ತೀರಿ. ಇಡಬಹುದು, ಪಿಎಚ್‌ಪಿ ಅದನ್ನು ಸೀರಿಯಲೈಸ್ ಮಾಡಿ, ಅಂದರೆ ಪಠ್ಯವಾಗಿ ಬದಲಾಯಿಸಿ ಉಳಿಸುತ್ತದೆ. ಆದರೆ ನಾನು ಬೇಡ ಅನ್ನುತ್ತೇನೆ. ಸೆಷನ್ ಸ್ಟಾರ್ಟ್ ಕರೆಯುವ ಹೊತ್ತಿಗೆ ಕ್ಲಾಸ್ ಲೋಡ್ ಆಗಿರದಿದ್ದರೆ ನಿಮ್ಮ ಆರ್ಡರ್ ಬದಲು "ಪಿಎಚ್‌ಪಿ ಇನ್‌ಕಂಪ್ಲೀಟ್ ಕ್ಲಾಸ್" ಎಂಬ ವಿಚಿತ್ರ ಆಬ್ಜೆಕ್ಟ್ ಕೈಗೆ ಬರುತ್ತದೆ. ನಾಳೆ ನೀವು ಕ್ಲಾಸ್‌ಗೆ ಹೊಸ ಪ್ರಾಪರ್ಟಿ ಸೇರಿಸಿದಾಗ ಹಳೆಯ ಸೆಷನ್‌ಗಳಲ್ಲಿ ಅದು ಇರುವುದಿಲ್ಲ, ಆಗಲೇ ಪೇಜ್ ನೋಡುತ್ತಿರುವ ಗ್ರಾಹಕರಿಗೆ ಎರರ್. ಆಬ್ಜೆಕ್ಟ್ ಒಳಗೆ ಡೇಟಾಬೇಸ್ ಸಂಪರ್ಕ ಸಿಕ್ಕಿಸಿದ್ದರೆ ಇನ್ನೂ ಬೇಗ ಕೈಕೊಡುತ್ತದೆ, ಪಿಡಿಒ (ಡೇಟಾಬೇಸ್ ಜೊತೆ ಮಾತಾಡುವ ಪಿಎಚ್‌ಪಿಯ ಕ್ಲಾಸ್) ಆಬ್ಜೆಕ್ಟನ್ನು ಸೀರಿಯಲೈಸ್ ಮಾಡಲು ಬರುವುದೇ ಇಲ್ಲ.

ಸೆಷನ್‌ನಲ್ಲಿ ಬರೀ ಐಟಂನ ಐಡಿ ಮತ್ತು ಎಷ್ಟು, ಇವೆರಡರ ಅರೇ ಇಡಿ. ಬೆಲೆ ಅಲ್ಲಿ ಬೇಡ. ಫಾರ್ಮ್‌ನ ಹಿಡನ್ ಫೀಲ್ಡ್‌ನಲ್ಲಂತೂ ಬೇಡವೇ ಬೇಡ, ಬ್ರೌಸರ್‌ನಲ್ಲಿ ಅದನ್ನು ಯಾರು ಬೇಕಾದರೂ 4000ದಿಂದ 1ಕ್ಕೆ ಇಳಿಸಿ ಕಳಿಸಬಹುದು. ಪ್ರತಿ ಸಲ ಡೇಟಾಬೇಸ್‌ನಿಂದ ಬೆಲೆ ಓದಿ ಐಟಂ ಕಟ್ಟಿ.

ಡೇಟಾಬೇಸ್‌ನಿಂದ ಓದುವಾಗ ಪಿಡಿಒದಲ್ಲಿ ಫೆಚ್ ಕ್ಲಾಸ್ ಎಂಬ ಸೌಲಭ್ಯ ಕಾಣುತ್ತದೆ. ನೇರವಾಗಿ ಐಟಂ ಆಬ್ಜೆಕ್ಟ್ ಆಗಿಯೇ ಸಾಲುಗಳನ್ನು ಕೊಡುತ್ತದೆ. ಚೆನ್ನಾಗಿದೆ ಎಂದು ಕೈ ಹಾಕುವ ಮೊದಲು ಒಂದು ವಿಷಯ. ಅದು ಮೊದಲು ಪ್ರಾಪರ್ಟಿಗಳನ್ನು ತುಂಬಿ ಆಮೇಲೆ ಕನ್‌ಸ್ಟ್ರಕ್ಟರ್ ಕರೆಯುತ್ತದೆ. ಹಂತ 4ರಲ್ಲಿ ನಾವು ಕಡ್ಡಾಯವಾಗಿ ಮೂರು ಮಾಹಿತಿ ಕೇಳುವ ಕನ್‌ಸ್ಟ್ರಕ್ಟರ್ ಬರೆದಿದ್ದೇವೆ, ಹಾಗಾಗಿ "ಟೂ ಫ್ಯೂ ಆರ್ಗ್ಯುಮೆಂಟ್ಸ್" ಎಂದು ಬೀಳುತ್ತದೆ. ಕಲಿಯುವಾಗ ಸಾಲನ್ನು ಮಾಮೂಲಿ ಅರೇಯಾಗಿ ತೆಗೆದು ನೀವೇ ನ್ಯೂ ಐಟಂ ಎಂದು ಬರೆಯಿರಿ. ಎರಡು ಸಾಲು ಜಾಸ್ತಿ, ತಲೆನೋವು ಕಡಿಮೆ.

ಹಂತ 9: ಬ್ರೌಸರ್‌ಗೆ ಕಳಿಸುವಾಗ

ಜಾವಾಸ್ಕ್ರಿಪ್ಟ್‌ಗೆ ಡೇಟಾ ಬೇಕೆಂದು ಆರ್ಡರ್ ಆಬ್ಜೆಕ್ಟನ್ನು ಜೇಸನ್ ಎನ್‌ಕೋಡ್ ಮಾಡಿದರೆ ಬರೀ {} ಬರುತ್ತದೆ. ಕಾರಣ, ಪ್ರೈವೇಟ್ ಪ್ರಾಪರ್ಟಿಗಳು ಜೇಸನ್‌ಗೆ ಹೋಗುವುದಿಲ್ಲ. ಇದನ್ನು ಸರಿಮಾಡಲು ಎಲ್ಲವನ್ನೂ ಪಬ್ಲಿಕ್ ಮಾಡಬೇಡಿ. ಕ್ಲಾಸ್‌ಗೆ ಜೇಸನ್ ಸೀರಿಯಲೈಸಬಲ್ ಇಂಟರ್‌ಫೇಸ್ (ಕ್ಲಾಸ್‌ನಲ್ಲಿ ಯಾವ ಮೆಥಡ್ ಇರಲೇಬೇಕು ಎಂಬ ಒಪ್ಪಂದ) ಹಾಕಿ, ಯಾವುದು ಹೊರಗೆ ಹೋಗಬೇಕೋ ಅದನ್ನು ಮಾತ್ರ ಅರೇಯಾಗಿ ರಿಟರ್ನ್ ಮಾಡಿ.

ಆ ಕಡೆ ಸಿಗುವುದು ಬರೀ ಡೇಟಾ. ಪಿಎಚ್‌ಪಿಯ ಮೊತ್ತ ಮೆಥಡ್ ಅಲ್ಲಿಗೆ ಹೋಗಿರುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲೂ ಕ್ಲಾಸ್ ಬೇಕಾದರೆ ಅಲ್ಲೇ ಬೇರೆ ಬರೆಯಬೇಕು. ಅಲ್ಲಿ ಆಬ್ಜೆಕ್ಟ್ ಪೇಜ್ ಮುಚ್ಚುವವರೆಗೂ ಬದುಕಿರುತ್ತದೆ. ಆದರೆ ದಿಸ್ ನಡೆದುಕೊಳ್ಳುವ ರೀತಿ ಬೇರೆ. ಮೆಥಡ್ ಹೆಸರನ್ನು ನೇರವಾಗಿ ಆ್ಯಡ್ ಇವೆಂಟ್ ಲಿಸನರ್‌ಗೆ ಕೊಟ್ಟರೆ ಕ್ಲಿಕ್ ಆದಾಗ ದಿಸ್ ನಿಮ್ಮ ಆಬ್ಜೆಕ್ಟ್ ಆಗಿರುವುದಿಲ್ಲ, ಆ ಬಟನ್ ಆಗಿರುತ್ತದೆ. ಆ್ಯರೋ ಫಂಕ್ಷನ್ ಒಳಗಿಂದ ಮೆಥಡ್ ಕರೆದರೆ ಸರಿಹೋಗುತ್ತದೆ.

ಹಂತ 10: ಒಂದು ಫೈಲ್‌ಗೆ ಒಂದು ಕ್ಲಾಸ್

ಐಟಂ ಒಂದು ಫೈಲ್, ಆರ್ಡರ್ ಒಂದು ಫೈಲ್. ಮೊದಲು ರಿಕ್ವೈರ್ ಒನ್ಸ್ ಬಳಸಿ. ಬರೀ ರಿಕ್ವೈರ್ ಹಾಕಿ ಒಂದೇ ಫೈಲ್ ಎರಡು ಸಲ ಒಳಗೆ ಬಂದರೆ ಆ ಹೆಸರಿನ ಕ್ಲಾಸ್ ಆಗಲೇ ಇದೆ ಎಂದು ಪಿಎಚ್‌ಪಿ ನಿಂತುಬಿಡುತ್ತದೆ. ನಾಲ್ಕೈದು ಕ್ಲಾಸ್ ಆದ ಮೇಲೆ ಕಂಪೋಸರ್ ಎಂಬ ಉಪಕರಣದ ಆಟೋಲೋಡ್‌ಗೆ (ಕ್ಲಾಸ್ ಫೈಲ್‌ಗಳನ್ನು ತಾನಾಗಿ ಒಳಗೆ ತರುವ ಸೌಲಭ್ಯ) ಹೋಗಿ. ಸೆಟ್ಟಿಂಗ್ ಬದಲಾಯಿಸಿದಾಗಲೆಲ್ಲ ಕಂಪೋಸರ್ ಡಂಪ್ ಆಟೋಲೋಡ್ ಓಡಿಸುವುದನ್ನು ಮರೆಯಬೇಡಿ.

ಕ್ಲಾಸ್ ಫೈಲ್‌ನ ಕೊನೆಯಲ್ಲಿ ?> ಹಾಕಬೇಡಿ. ಅದರ ನಂತರ ಖಾಲಿ ಸಾಲುಗಳು ಉಳಿದಿದ್ದರೆ ಅವು ಬ್ರೌಸರ್‌ಗೆ ಹೋಗುತ್ತವೆ. ಆಮೇಲೆ ಸೆಷನ್ ಸ್ಟಾರ್ಟ್ ಅಥವಾ ಲೊಕೇಶನ್ ಹೆಡರ್ "ಹೆಡರ್ಸ್ ಆಲ್ರೆಡಿ ಸೆಂಟ್" ಎಂದು ಕೂಗುತ್ತದೆ.

ನಿಮ್ಮ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿ ಓಡಿ, ಸರ್ವರ್‌ಗೆ ಹಾಕಿದ ಕೂಡಲೇ "ಕ್ಲಾಸ್ ನಾಟ್ ಫೌಂಡ್" ಬಂದರೆ ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದು ನೋಡುತ್ತದೆ, ಲಿನಕ್ಸ್ ನೋಡುವುದಿಲ್ಲ. ಕ್ಲಾಸ್ ಹೆಸರು ಮತ್ತು ಫೈಲ್ ಹೆಸರು ಅಕ್ಷರಶಃ ಒಂದೇ ಇರಲಿ, ಫೋಲ್ಡರ್ ಹೆಸರೂ ಸೇರಿ.

ಇನ್‌ಹೆರಿಟೆನ್ಸ್ ಯಾವಾಗ?

ಈಗಲೇ ಬೇಡ. ಇಡ್ಲಿ ಎಂಬುದು ತಿಂಡಿಯ ಒಂದು ಬಗೆ, ತಿಂಡಿ ಎಂಬುದು ಐಟಂನ ಒಂದು ಬಗೆ ಎಂದು ಮೂರು ಅಂತಸ್ತು ಕಟ್ಟುವುದು ಸುಲಭ. ಇಡ್ಲಿಗೂ ಕಾಫಿಗೂ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ, ಡೇಟಾ ಮಾತ್ರ ಬೇರೆ. ಡೇಟಾ ಬೇರೆಯಾದರೆ ಇನ್ನೊಂದು ಆಬ್ಜೆಕ್ಟ್ ಸಾಕು, ಇನ್ನೊಂದು ಕ್ಲಾಸ್ ಬೇಡ. ನಡವಳಿಕೆಯೇ ಬೇರೆಯಾದಾಗ, ಅಂದರೆ ಮೊತ್ತ ಲೆಕ್ಕ ಹಾಕುವ ವಿಧಾನವೇ ಬೇರೆಯಾದಾಗ, ಮೊದಲು ಇಂಟರ್‌ಫೇಸ್ ಕಲಿಯಿರಿ. ಎಕ್ಸ್‌ಟೆಂಡ್ಸ್ (ಇನ್‌ಹೆರಿಟೆನ್ಸ್‌ನ ಕೀವರ್ಡ್) ಆಮೇಲೆ.

ಈ ಎರರ್ ಕಂಡರೆ ಇಲ್ಲಿ ನೋಡಿ

"ಕಾಲ್ ಟು ಎ ಮೆಂಬರ್ ಫಂಕ್ಷನ್ ಆನ್ ನಲ್": ಆಬ್ಜೆಕ್ಟ್ ಇರಬೇಕಾದ ಕಡೆ ಏನೂ ಇಲ್ಲ. ದೂರು ಬಂದ ಸಾಲಿನಲ್ಲಿ ತಪ್ಪು ಇರುವುದು ಕಡಿಮೆ. ಆ ವೇರಿಯಬಲ್ ಎಲ್ಲಿ ತುಂಬಿಸಿದಿರಿ ಎಂದು ಹಿಂದಕ್ಕೆ ಹೋಗಿ. ಸಾಮಾನ್ಯವಾಗಿ ಐಟಂ ಹುಡುಕುವ ಫಂಕ್ಷನ್ ಸಿಗಲಿಲ್ಲ ಎಂದು ನಲ್ ಕೊಟ್ಟಿರುತ್ತದೆ, ನೀವು ಅದನ್ನು ಪರೀಕ್ಷಿಸಿರುವುದಿಲ್ಲ. "ಆನ್ ನಲ್" ಬದಲು "ಆನ್ ಅರೇ" ಎಂದಿದ್ದರೆ ಡೇಟಾಬೇಸ್ ಸಾಲನ್ನು ನ್ಯೂ ಐಟಂ ಮಾಡದೆ ಹಾಗೇ ಬಿಟ್ಟಿದ್ದೀರಿ.

"ಯೂಸಿಂಗ್ ದಿಸ್ ವೆನ್ ನಾಟ್ ಇನ್ ಆಬ್ಜೆಕ್ಟ್ ಕಾಂಟೆಕ್ಸ್ಟ್": ಸ್ಟ್ಯಾಟಿಕ್ ಮೆಥಡ್ ಒಳಗೆ ದಿಸ್ ಬಳಸಿದ್ದೀರಿ. ಸ್ಟ್ಯಾಟಿಕ್ ತೆಗೆಯಿರಿ, ಬಹುತೇಕ ಅದು ಬೇಕೇ ಇರಲಿಲ್ಲ.

"ಕೆನಾಟ್ ಆ್ಯಕ್ಸೆಸ್ ಪ್ರೈವೇಟ್ ಪ್ರಾಪರ್ಟಿ": ಪ್ರಾಪರ್ಟಿಯನ್ನು ಪಬ್ಲಿಕ್ ಮಾಡುವ ಮೊದಲು ಹೊರಗಿನ ಕೋಡ್‌ಗೆ ನಿಜವಾಗಿ ಏನು ಬೇಕಿತ್ತು ಎಂದು ನೋಡಿ. ಐಟಂಗಳ ಅರೇ ಬೇಕಿರಲಿಲ್ಲ, ಎಷ್ಟು ಐಟಂ ಇವೆ ಎಂಬ ಸಂಖ್ಯೆ ಬೇಕಿತ್ತು ಎಂದಾದರೆ ಅದಕ್ಕೊಂದು ಮೆಥಡ್ ಬರೆಯಿರಿ.

"ಕೆನಾಟ್ ಮಾಡಿಫೈ ರೀಡ್‌ಓನ್ಲಿ ಪ್ರಾಪರ್ಟಿ": ಆಬ್ಜೆಕ್ಟ್ ಹುಟ್ಟಿದ ಮೇಲೆ ಬೆಲೆ ಬದಲಾಯಿಸಲು ಹೋಗಿದ್ದೀರಿ. ರಿಯಾಯಿತಿ ಕೊಡುವ ಕೋಡ್‌ನಲ್ಲಿ ಇದು ಹೆಚ್ಚಾಗಿ ಬರುತ್ತದೆ. ಹೊಸ ಬೆಲೆಯ ಹೊಸ ಐಟಂ ಕಟ್ಟಿ, ಅಥವಾ ರಿಯಾಯಿತಿಯನ್ನು ಆರ್ಡರ್ ಕಡೆಯ ಲೆಕ್ಕಕ್ಕೆ ಸೇರಿಸಿ.

ಎರರ್ ಏನೂ ಇಲ್ಲ, ಆದರೆ 147ರ ಬದಲು 140 ಬರುತ್ತಿದೆ ಎಂದರೆ ತೆರಿಗೆ ಮೆಥಡ್ ಬರೆದಿದ್ದೀರಿ, ಪೇಜ್‌ನಲ್ಲಿ ಕರೆದಿಲ್ಲ. 14700 ಬಂದರೆ 100ರಿಂದ ಭಾಗಿಸಿಲ್ಲ.